ರತ್ನವ್ವನ ಕಣ್ಣಿನ ಫೈಲು

ನವನಗರದ ಗುರುಬಸಪ್ಪ ಜವಳಿಯವರು ನಾಲ್ಕು ಮಂದಿಯನ್ನು ಕೇಳದೆ ಯಾವ ಕೆಲಸಕ್ಕೂ ಕೈಹಾಕಿದವರಲ್ಲ. ನಾಲ್ಕು ಎಂಬುದು ಬಾಯಿಮಾತಿನ ಲೆಕ್ಕ, ಅಷ್ಟೇ. ಒಮ್ಮೆ ಬಚ್ಚಲಿಗೆ ಪ್ಲಾಸ್ಟಿಕ್ ಬಕೆಟ್ ತರಬೇಕಾಗಿ ಬಂದಾಗ ಅವರು ಹನ್ನೊಂದು ಮಂದಿಯ ವಿಚಾರ ತೆಗೆದುಕೊಂಡರು. ಐದು ಮಂದಿ ನೀಲಿ ಅಂದರು, ಐದು ಮಂದಿ ಹಸಿರು ಅಂದರು. ಹನ್ನೊಂದನೆಯವರಾದ ನೆರೆಮನೆಯ ರಮಾಕಾಂತ ದೇಸಾಯಿ ಮಾಸ್ತರರು ಪ್ಲಾಸ್ಟಿಕ್ಕೇ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂದರು. ಅಲ್ಲಿಗೆ ವಿಷಯ ಮೊದಲಿನಿಂದ ಶುರುವಾಯಿತು. ಸೀಳು ಬಿಟ್ಟಿದ್ದ ಹಳೆಯ ಬಕೆಟ್ಟಿಗೇ ಮೇಣ ಹಚ್ಚಿ ಹೆಂಡತಿ ರತ್ನವ್ವ ಇನ್ನೂ ಎರಡು ವರ್ಷ ಸಂಸಾರ ನಡೆಸಿದಳು.

ಇದು ಅವರ ಹುಟ್ಟುಗುಣವೋ ನೌಕರಿಯ ಗುಣವೋ ಹೇಳುವುದು ಕಷ್ಟ. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಅವರು ಕೂತದ್ದು ಒಂದೇ ಕುರ್ಚಿಯಲ್ಲಿ, ಬರೆದದ್ದು ಒಂದೇ ವಾಕ್ಯ: ‘ಮೇಲಿನವರ ಆದೇಶಕ್ಕಾಗಿ ಮಂಡಿಸಿದೆ.’ ನಿವೃತ್ತಿಯ ದಿನ ಸಾಹೇಬರು ಭಾಷಣ ಮಾಡುತ್ತ, ಇಷ್ಟು ವರ್ಷಗಳಲ್ಲಿ ಇವರ ಕೈಯಿಂದ ಒಂದೇ ಒಂದು ತಪ್ಪು ನಿರ್ಧಾರವೂ ಆಗಿಲ್ಲ ಅಂದರು. ಮಂದಿ ಚಪ್ಪಾಳೆ ತಟ್ಟಿದರು. ಸರಿಯಾದ ನಿರ್ಧಾರ ಎಷ್ಟು ಆಗಿದ್ದವು ಎಂದು ಕೇಳುವ ಕೆಟ್ಟ ಬುದ್ಧಿ ಅಂದು ಯಾರಿಗೂ ಬರಲಿಲ್ಲ. ಹಾರ, ಶಾಲು, ಗೋಡೆ ಗಡಿಯಾರ ಹಿಡಿದುಕೊಂಡು ಹೊರಬಂದ ಗುರುಬಸಪ್ಪನವರು, ವೇಗದ ಚಿಗರಿ ಬಸ್ಸು ಹತ್ತಬೇಕೋ ಸಾದಾ ಬಸ್ಸು ಹತ್ತಬೇಕೋ ಎಂದು ನಿಲ್ದಾಣದಲ್ಲಿ ಇಬ್ಬರು ಅಪರಿಚಿತರನ್ನು ಕೇಳಿ, ಅವರು ಹೇಳಿದಂತೆ ಮನೆ ಸೇರಿದರು.

ಇಂಥವರ ಕೈಗೆ ರತ್ನವ್ವನ ಕಣ್ಣು ಸಿಕ್ಕಿತು.

ಹೋದ ಯುಗಾದಿಯ ಹೊತ್ತಿಗೆ ರತ್ನವ್ವನಿಗೆ ಎಲ್ಲವೂ ಮಂಜುಮಂಜಾಗಿ ಕಾಣತೊಡಗಿತ್ತು. ಗುರುಬಸಪ್ಪನವರು ಅವಳನ್ನು ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರ್ ಮೃಣಾಲಿನಿ ಬ್ಯಾಟರಿ ಹಾಕಿ ಎರಡೂ ಕಣ್ಣು ನೋಡಿದರು.

‘ಎರಡೂ ಕಣ್ಣಿಗೆ ಪೊರಿ ಬಂದದ. ಹೆದರೂದೇನಿಲ್ಲ. ಒಂದನ್ನ ಮೊದಲ ಮಾಡೋಣ, ತಿಂಗಳ ಬಿಟ್ಟು ಇನ್ನೊಂದು. ಸದ್ಯಕ್ಕ ಎರಡೂ ಒಂದ ನಮೂನಿ ಅವ. ಯಾವುದು ಮೊದಲ ಅನ್ನೂದನ್ನ ಮನ್ಯಾಗ ಮಾತಾಡಿಕೊಂಡು ಹೇಳ್ರಿ. ಭಾಳ ದಿವಸ ಮಾತ್ರ ಬಿಡಬ್ಯಾಡ್ರಿ.’

ಡಾಕ್ಟರು ಇದನ್ನು ಸೌಜನ್ಯಕ್ಕೆ ಹೇಳಿದ್ದರು. ಬೇರೆ ಗಂಡಸಾಗಿದ್ದರೆ ದವಾಖಾನೆಯ ಮೆಟ್ಟಿಲ ಮೇಲೆ ಹೆಂಡತಿಯನ್ನು ಕೇಳುತ್ತಿದ್ದ, ಅವಳು ಯಾವುದೋ ಒಂದು ಹೇಳುತ್ತಿದ್ದಳು, ವಿಷಯ ಮುಗಿಯುತ್ತಿತ್ತು. ಆದರೆ ಗುರುಬಸಪ್ಪನವರು ‘ಮಾತಾಡಿಕೊಂಡು’ ಎಂಬುದನ್ನು ಮೇಲಿನವರ ಆದೇಶವೆಂದು ತಿಳಿದರು. ದಾರಿಯಲ್ಲೇ ಒಂದು ಫೈಲು ಕೊಂಡರು. ಮನೆಗೆ ಬಂದು ಸ್ಕೇಲಿನಿಂದ ಗೆರೆ ಹೊಡೆದು ನಾಲ್ಕು ಕಾಲಂ ಮಾಡಿದರು: ಅನುಕ್ರಮ, ಹೆಸರು, ಸಂಬಂಧ, ಅಭಿಪ್ರಾಯ. ಫೈಲಿನ ಮೇಲೆ ದುಂಡನೆಯ ಅಕ್ಷರದಲ್ಲಿ ‘ವಿಷಯ: ಶ್ರೀಮತಿ ರತ್ನವ್ವನವರ ಕಣ್ಣು’ ಎಂದು ಬರೆದರು.

ಮೊದಲ ಅಭಿಪ್ರಾಯ ದೇಸಾಯಿ ಮಾಸ್ತರರದು. ‘ನೋಡ್ರಿ ಗುರುಬಸಪ್ಪ, ಬಲಗಣ್ಣಂದ್ರ ಸೂರ್ಯ, ಎಡಗಣ್ಣಂದ್ರ ಚಂದ್ರ. ಸೂರ್ಯ ಮಂಕಾದ ಮ್ಯಾಲ ಚಂದ್ರನ್ನ ತಗೊಂಡು ಏನ್ ಮಾಡ್ತೀರಿ? ಬಲಾನ ಮೊದಲ ಮಾಡಸ್ರಿ’ ಅಂದರು. ಗುರುಬಸಪ್ಪನವರು ‘ಬಲ’ ಎಂದು ಬರೆದರು. ಮೂಲೆ ಅಂಗಡಿಯ ಟೇಲರ್ ಮುಜಮ್ಮಿಲ ಮಶೀನು ನಿಲ್ಲಿಸಿ ಬಹಳ ಹೊತ್ತು ಯೋಚಿಸಿದ. ‘ಸಾಹೇಬ್ರ, ಸೂಜ್ಯಾಗ ದಾರ ಪೋಣಸೂ ಮುಂದ ನಾ ಎಡಗಣ್ಣು ಮುಚ್ಚತೇನ್ರಿ. ಕೆಲಸದ ಕಣ್ಣು ಬಲಗಣ್ಣು. ಕೆಲಸದ್ದಕ್ಕ ಮೊದಲ ಯಾಕ ಕೈ ಹಚ್ಚತೀರಿ? ಎಡಾದ್ರ ಮ್ಯಾಲ ಹತ್ಯಾರ ನಡಸಿ ನೋಡ್ಲಿ’ ಅಂದ. ‘ಎಡ’ ಎಂದು ಬರೆದರು. ಗದಗಿನಲ್ಲಿರುವ ಮಗಳು ಭಾಗ್ಯಶ್ರೀಗೆ ಫೋನು ಮಾಡಿದಾಗ ಅವಳು ಸಿಟ್ಟಿನಿಂದ, ‘ಅಪ್ಪಾ, ನನ್ನೇನು ಕೇಳತೀರಿ? ಅವ್ವನ್ನ ಕೇಳ್ರಿ’ ಎಂದು ಫೋನು ಇಟ್ಟಳು. ಗುರುಬಸಪ್ಪನವರು ಅವಳ ಹೆಸರಿನ ಮುಂದೆ ‘ಸ್ಪಷ್ಟ ಅಭಿಪ್ರಾಯ ನೀಡಿಲ್ಲ’ ಎಂದು ನಮೂದಿಸಿದರು.

ಹೀಗೆ ಮಳೆಗಾಲ ಹೋಯಿತು, ನವರಾತ್ರಿ ಹೋಯಿತು, ದೀಪಾವಳಿ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಫೈಲಿನಲ್ಲಿ ನಲವತ್ತಮೂರು ಹೆಸರುಗಳಿದ್ದವು. ಹಾಲಿನವನು, ಕ್ಷೌರದವನು, ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಒಬ್ಬ ಸಂಭಾವಿತರು, ಯಾರೂ ತಪ್ಪಿರಲಿಲ್ಲ. ಒಟ್ಟು ಎಣಿಸಿದರೆ ಇಪ್ಪತ್ತೊಂದು ಎಡ, ಇಪ್ಪತ್ತೊಂದು ಬಲ, ಒಂದು ಅಸ್ಪಷ್ಟ.

ಆ ಹತ್ತು ತಿಂಗಳು ರತ್ನವ್ವ ಮಾತ್ರ ಸುಮ್ಮನಿದ್ದಳು. ಮೊದಮೊದಲು ಎರಡು ಸಲ, ‘ದವಾಖಾನಿಗೆ ಯಾವಾಗ ಹೋಗೂದ್ರಿ?’ ಅಂದಳು. ‘ಕೇಳಾಕತ್ತೇನಿ, ತಡೀ’ ಎಂಬ ಉತ್ತರ ಬಂತು. ಮೂರನೆಯ ಸಲ ಅವಳು ಕೇಳಲಿಲ್ಲ. ಅಕ್ಕಿಯ ಹರಳನ್ನು ಬೆರಳಿನಿಂದ ಮುಟ್ಟಿ ಆರಿಸುವುದನ್ನು ಕಲಿತಳು. ಮಂದಿಯನ್ನು ಚಪ್ಪಲಿ ಸಪ್ಪಳದಿಂದ ಗುರುತಿಸುವುದನ್ನು ಕಲಿತಳು. ಅದು ಒಮ್ಮೊಮ್ಮೆ ತಪ್ಪುತ್ತಿತ್ತು. ಒಂದು ದಿನ ಕರೆಂಟಿನ ಮೀಟರ್ ನೋಡಲು ಬಂದವನನ್ನು ಮೈದುನ ಪರಮೇಶನೆಂದು ತಿಳಿದು ಒಳಗೆ ಕರೆದು, ರೊಟ್ಟಿ-ಬದನೆಕಾಯಿ ಪಲ್ಯ ಬಡಿಸಿ, ಯಾಕಪ್ಪಾ ಇಷ್ಟು ಸೊರಗಿದೀ ಎಂದು ಕಣ್ಣೀರು ತಂದುಕೊಂಡಳು. ಆ ಮನುಷ್ಯ ಮರ್ಯಾದಸ್ಥ. ಊಟ ಮುಗಿಸಿ, ಕೈತೊಳೆದು, ಆಮೇಲೆ ಬಿಲ್ಲು ಕೊಟ್ಟು ಹೋದ.

ಸಂಕ್ರಾಂತಿಯ ಮರುದಿನ ರೊಟ್ಟಿ ಬಡಿಯುವಾಗ ರತ್ನವ್ವ ಹಂಚು ಇನ್ನೂ ಒಂದು ಗೇಣು ಆಚೆಗಿದೆ ಎಂದುಕೊಂಡು ಅಂಗೈಯನ್ನೇ ಊರಿದಳು. ಕೂಗಲಿಲ್ಲ. ತಣ್ಣೀರಿನ ಪಾತ್ರೆಯಲ್ಲಿ ಕೈ ಮುಳುಗಿಸಿ ಕೂತಳು. ಸುಟ್ಟ ವಾಸನೆಗೆ ಒಳಗೆ ಬಂದ ಗುರುಬಸಪ್ಪನವರು ಆ ಕೈ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಇಲ್ಲಿಯೇ ಹೇಳಿಬಿಡಬೇಕು. ರತ್ನವ್ವನೆಂದರೆ ಅವರಿಗೆ ಜೀವ. ತಾನೊಂದು ಕಣ್ಣು ಆರಿಸಿ, ಅದಕ್ಕೇನಾದರೂ ಹೆಚ್ಚುಕಡಿಮೆಯಾದರೆ ಆ ತಪ್ಪನ್ನು ಹೊರುವುದು ಹೇಗೆ ಎಂಬ ಹೆದರಿಕೆಯೇ ಅವರನ್ನು ಹತ್ತು ತಿಂಗಳು ಊರಲ್ಲಿ ಸುತ್ತಿಸಿತ್ತು.

ಆ ಹೊತ್ತಿಗೆ ಅವರು ಒಂದು ನಿರ್ಧಾರ ಮಾಡಿದರು: ಹಿರಿಯರನ್ನು ಕೂಡಿಸುವುದು. ಜೀವಮಾನದಲ್ಲಿ ಯಾರನ್ನೂ ಕೇಳದೆ ಅವರು ತೆಗೆದುಕೊಂಡ ಮೊದಲ ನಿರ್ಧಾರ ಇದು. ಅದರಿಂದ ಮುಂದೆ ಆದದ್ದನ್ನು ನೋಡಿದರೆ, ಅಲ್ಲಿಯತನಕ ಅವರು ಎಲ್ಲರನ್ನೂ ಕೇಳುತ್ತಿದ್ದುದರಲ್ಲಿ ಅರ್ಥವಿತ್ತು ಅನ್ನಿಸುತ್ತದೆ.

ಹಿರಿಯರನ್ನು ಕೂಡಿಸುವುದೆಂದರೆ ಸಣ್ಣ ಮಾತಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಕೂಡಿಸುತ್ತಾರೆ, ಲಗ್ನ ಗೊತ್ತು ಮಾಡುವಾಗ ಕೂಡಿಸುತ್ತಾರೆ, ಆದ ಲಗ್ನ ಮುರಿಯುವಾಗ ಕೂಡಿಸುತ್ತಾರೆ. ನಾಲ್ಕನೆಯ ಕಾರಣವನ್ನು ಆ ಕಡೆ ಯಾರೂ ಕೇಳಿದವರಿಲ್ಲ. ಇಂಥ ಬೈಠಕ್ಕಿಗೆಲ್ಲ ಮುಖ್ಯಸ್ಥರೆಂದರೆ ರಾಯಾಪುರದ ಫಕೀರಪ್ಪಜ್ಜ. ಎಂಬತ್ತು ದಾಟಿದವರು, ತಲೆಗೆ ಪಟಗ, ಕೈಯಲ್ಲಿ ಕೋಲು. ಆ ತನಕ ನೂರಾ ಹದಿನಾಲ್ಕು ವ್ಯಾಜ್ಯ ಮುಗಿಸಿದ್ದರು. ಅವರದು ಎರಡು ನಿಯಮ. ಕರೆ ಬಂದಾಗ ವಿಷಯವೇನೆಂದು ಬಾಯಿಬಿಟ್ಟು ಕೇಳುವುದಿಲ್ಲ, ಅದು ಮರ್ಯಾದೆಯಲ್ಲ. ಮತ್ತು ಬೈಠಕ್ಕಿನಲ್ಲಿ ಕರೆದವನ ಮಾತು ಕಡೆಗೆ, ಏಕೆಂದರೆ ಅವನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ.

ಗುರುಬಸಪ್ಪನವರು ಫೋನು ಮಾಡಿದರು. ‘ಅಜ್ಜಾರ, ಸೋಮವಾರ ಮುಂಜಾನೆ ನಮ್ಮ ಮನಿಗೆ ಬರಬೇಕ್ರಿ. ರತ್ನವ್ವಂದು ಒಂದು ಇತ್ಯರ್ಥ ಆಗಬೇಕಾಗೇತಿ. ಹತ್ತು ತಿಂಗಳಾತು, ಇನ್ನ ನನ್ನ ಕೈಲೆ ಆಗೂದಿಲ್ಲ.’

‘ಹೆಣ್ಣಿನ ಕಡ್ಯಾವ್ರಿಗೆ ಹೇಳೀಯೇನು?’ ಎಂದರು ಅಜ್ಜ.

‘ಆಕಿ ಅಣ್ಣಾರು ಸಿದ್ದಲಿಂಗಪ್ಪನವರಿಗೆ ಹೇಳತೇನ್ರಿ. ನಮ್ಮ ಪರಮೇಶನೂ ಇರತಾನ.’

‘ಆಕಿಗೆ ಗೊತ್ತೈತಿ?’

‘ಇಲ್ರಿ. ಮೊದಲ ಅಂಜಬುರಕಿ. ನೀವೆಲ್ಲಾ ಕೂತ ಮ್ಯಾಲ ತಿಳಿಸಿದ್ರ ಆತು.’

‘ಮೊಮ್ಮಕ್ಕಳಾದ ಮ್ಯಾಲ, ಈ ವಯಸ್ಸಿನ್ಯಾಗ...’ ಅಂದರು ಅಜ್ಜ.

‘ಇದು ಈ ವಯಸ್ಸಿನ್ಯಾಗ ಬರೂದರಿ ಅಜ್ಜಾರ’ ಎಂದು ಗುರುಬಸಪ್ಪನವರು ಸಮಾಧಾನ ಹೇಳಿದರು. ‘ಈಗೆಲ್ಲಾ ಸಲೀಸ ಆಗೇತಿ. ಮುಂಜಾನೆ ಹೋದ್ರ ಸಂಜೀಕ ಮುಗಿಸೇ ಕಳಸ್ತಾರಂತ.’

ಫಕೀರಪ್ಪಜ್ಜ ಫೋನು ಇಟ್ಟು ಎರಡು ಹೊತ್ತು ಊಟ ಮಾಡಲಿಲ್ಲವಂತೆ.

ಅಜ್ಜ ವಿಷಯ ಕೇಳುವುದಿಲ್ಲ, ಆದರೆ ತಮಗೆ ತಿಳಿದದ್ದನ್ನು ಹೇಳುವುದಿಲ್ಲ ಎಂಬ ನಿಯಮವೇನೂ ಅವರಿಗಿರಲಿಲ್ಲ. ಶನಿವಾರ ಮಧ್ಯಾಹ್ನದೊಳಗೆ ನವನಗರ, ರಾಯಾಪುರ, ಹಳೇ ಹುಬ್ಬಳ್ಳಿ ಮೂರೂ ಕಡೆ ಸುದ್ದಿ ಮುಟ್ಟಿತು. ಗುರುಬಸಪ್ಪನವರು ಓಣಿಯಲ್ಲಿ ನಡೆದರೆ ಮಾತು ನಿಲ್ಲುತ್ತಿತ್ತು. ಕಾಯಿಪಲ್ಯೆಯವಳು ಕೊತ್ತಂಬರಿ ಪುಕ್ಕಟೆ ಕೊಟ್ಟು, ‘ತಗೋರಿ, ಇನ್ನ ಯಾರಿಗೆ ಒಯ್ಯತೀರಿ’ ಎಂದು ಮುಖ ತಿರುಗಿಸಿದಳು. ಮುಜಮ್ಮಿಲ ಅಂಗಡಿಯಿಂದ ಎದ್ದು ಬಂದು ಏನೋ ಹೇಳಲು ಹೋಗಿ, ಆಗದೆ, ಅವರ ಶರ್ಟಿನ ಸಡಿಲ ಗುಂಡಿಯೊಂದನ್ನು ಹೊಲಿದು ಕಳಿಸಿದ. ದೇಸಾಯಿ ಮಾಸ್ತರರು ಗೇಟಿನ ಹತ್ತಿರ ಅವರ ಎರಡೂ ಕೈ ಹಿಡಿದುಕೊಂಡರು.

‘ಗುರುಬಸಪ್ಪ, ದುಡುಕಬ್ಯಾಡ್ರಿ.’

‘ದುಡುಕೂದೇನು ಬಂತ್ರಿ ಸರ್. ಹತ್ತು ತಿಂಗಳಿಂದ ಇದ ವಿಚಾರದಾಗ ಇದ್ದೇನಿ.’

‘ಹತ್ತು ತಿಂಗಳಿಂದ!’ ಮಾಸ್ತರರು ಕೈ ಬಿಟ್ಟರು. ‘ದಿವಸಾ ನಿಮ್ಮ ಜೋಡಿ ವಾಕಿಂಗ್ ಬರ್ಲಿಕ್ಕತ್ತೀನಿ. ನನಗ ಒಂದೀಟೂ ಗೊತ್ತಾಗ್ಲಿಲ್ಲ ನೋಡ್ರಿ.’

ಮೊದಲ ಅಭಿಪ್ರಾಯ ಕೊಟ್ಟವರೇ ಹೀಗೆ ಮರೆತರಲ್ಲ, ಪಾಪ, ವಯಸ್ಸಾಯಿತು ಎಂದು ಗುರುಬಸಪ್ಪನವರು ಮರುಗಿದರು. ಅವರಿಗೂ ಸೋಮವಾರ ಬರಲು ಹೇಳಿದರು.

ರವಿವಾರ ಮುಜಮ್ಮಿಲನ ತಾಯಿ ಇಮಾಮಬಿ ಒಂದು ಡಬ್ಬಿ ಶಿರಕುರಮಾ ಪಾಯಸ ತಂದಳು. ಹಬ್ಬವಲ್ಲ, ಏನಲ್ಲ. ಅಡುಗೆಮನೆಯಲ್ಲಿ ರತ್ನವ್ವನ ಪಕ್ಕಕ್ಕೆ ಕೂತು ಸುಟ್ಟ ಕೈಗೆ ಬೆಣ್ಣೆ ಸವರುತ್ತ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಗುರುಬಸಪ್ಪನವರು ಇಣುಕಿದಾಗ ಇಬ್ಬರ ಕಣ್ಣಲ್ಲೂ ನೀರಿತ್ತು. ಉಳ್ಳಾಗಡ್ಡಿ ಹೆಚ್ಚುತ್ತಿರಬೇಕು ಎಂದುಕೊಂಡು ಅವರು ಹೊರಗೆ ಹೋದರು.

ಸಂಜೆ ರತ್ನವ್ವ, ‘ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿ ಕೊಡ್ರಿ’ ಅಂದಳು. ಅದು ಲಗ್ನದಲ್ಲಿ ತವರಿನವರು ಕೊಟ್ಟ ಕಬ್ಬಿಣದ ಟ್ರಂಕು. ಗುರುಬಸಪ್ಪನವರು ಇಳಿಸಿ, ಧೂಳು ಒರೆಸಿ ಮುಂದಿಟ್ಟರು. ಅವಳು ಸೀರೆಗಳನ್ನು ಅಂಚು ಮುಟ್ಟಿ ಮುಟ್ಟಿ ಗುರುತಿಸಿ ಒಂದೊಂದಾಗಿ ಇಡತೊಡಗಿದಳು. ದವಾಖಾನೆಗೆ ತಾನಾಗಿಯೇ ತಯಾರಾಗುತ್ತಿದ್ದಾಳೆಂದು ಅವರಿಗೆ ಬಹಳ ಸಂತೋಷವಾಯಿತು.

‘ಯಾರು ಹೇಳಿದ್ರು ನಿನಗ?’

‘ಇಮಾಮಬಿ.’

‘ಛಲೋ ಆತು. ನಾನು ಹೆಂಗ ಹೇಳೂದಂತ ಒದ್ದಾಡಾಕತ್ತಿದ್ನಿ. ಟಾವೆಲ್ ಇಟ್ಕೋ.’

ರತ್ನವ್ವ ಕೈ ನಿಲ್ಲಿಸಿದಳು. ಆಮೇಲೆ ಟಾವೆಲ್ಲನ್ನೂ ಇಟ್ಟುಕೊಂಡಳು. ‘ಎಷ್ಟು ಸೀರಿ ಇಟ್ಕೊಳ್ಳಿ?’

‘ಅದು ಹಿರೇರು ಏನ ಹೇಳತಾರ ಅನ್ನೂದರ ಮ್ಯಾಲ ಐತಿ.’

ಅವಳು ಎಲ್ಲ ಸೀರೆ ಇಟ್ಟುಕೊಂಡಳು. ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು, ‘ಸಾಸಿವಿ ಡಬ್ಬಿ ಎಡಕ್ಕೈತಿ, ಜೀರಗಿ ಡಬ್ಬಿ ಬಲಕ್ಕೈತಿ. ಹೇಳಿ ಹೋಗಾಕತ್ತೇನಿ. ಇಲ್ಲಾಂದ್ರ ಅದಕ್ಕೂ ಮಂದೀನ್ನ ಕೇಳಾಕ ಹೋಗತೀರಿ’ ಅಂದಳು. ಗುರುಬಸಪ್ಪನವರು ಜೋರಾಗಿ ನಕ್ಕರು. ಅವಳು ನಗಲಿಲ್ಲ.

ಸೋಮವಾರ ಮುಂಜಾನೆ ಪಡಸಾಲೆಯಲ್ಲಿ ಎರಡು ಜಮಖಾನೆ ಹಾಸಿದ್ದವು. ನಡುವೆ ಒಂದು ತಾಟಿನಲ್ಲಿ ಸಂಕ್ರಾಂತಿಯ ಕುಸುರೆಳ್ಳು, ಇನ್ನೊಂದರಲ್ಲಿ ಎಲೆ-ಅಡಿಕೆ. ಸಿದ್ದಲಿಂಗಪ್ಪನವರು ಹಳೇ ಹುಬ್ಬಳ್ಳಿಯಿಂದ ತಮ್ಮ ಬೆಲ್ಲದ ಅಂಗಡಿಯ ಟೆಂಪೊ ತಂದು ಗೇಟಿಗೆ ಅಡ್ಡ ನಿಲ್ಲಿಸಿದ್ದರು, ತಂಗಿಯನ್ನು ಕರೆದೊಯ್ಯಲು. ಪರಮೇಶ ಹೊಲದ ಕಾಗದಗಳ ಚೀಲ ತಂದಿದ್ದ. ಅಣ್ಣ ಹೆಂಡತಿಯನ್ನು ಬಿಟ್ಟ ಮೇಲೆ ತಮ್ಮನನ್ನೂ ಬಿಟ್ಟು ಪಾಲು ಕೇಳದೆ ಇರುತ್ತಾನೆಯೇ ಎಂಬುದು ಅವನ ತರ್ಕ. ದೇಸಾಯಿ ಮಾಸ್ತರರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ರತ್ನವ್ವ ಒಳಬಾಗಿಲ ಹತ್ತಿರ ಟ್ರಂಕಿನ ಮೇಲೆ ಕೂತಿದ್ದಳು. ಗುರುಬಸಪ್ಪನವರು ಫೈಲು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದರು.

‘ಕರದಾವ ಕಡೀಕ’ ಎಂದು ಫಕೀರಪ್ಪಜ್ಜ ಕೋಲು ಕುಟ್ಟಿದರು. ‘ಮೊದಲ ಹೆಣ್ಣಿನ ಕಡ್ಯಾವ್ರು ಮಾತಾಡ್ರಿ.’

ಸಿದ್ದಲಿಂಗಪ್ಪನವರು ಮಂಡಿಯೂರಿ ಎದ್ದರು. ‘ಮೂವತ್ತಾರು ವರ್ಷ ದುಡದಾಳ ನಮ್ಮ ತಂಗಿ ಈ ಮನ್ಯಾಗ. ಒಂದು ದಿವಸ ತವರಿಗೆ ಬಂದು ಗಂಡನ ಮ್ಯಾಲ ಒಂದು ಮಾತು ಆಡಿದಾಕಿ ಅಲ್ಲ. ಈಗ ಬ್ಯಾಡಾದಳೇನು? ಬ್ಯಾಡಾದ್ರ ಹೇಳ್ರಿ, ಗಾಡಿ ತಂದೇನಿ. ನಮ್ಮ ಮನ್ಯಾಗ ಆಕಿಗೆ ರೊಟ್ಟಿ ಕಡಿಮಿ ಇಲ್ಲ.’

ಗುರುಬಸಪ್ಪನವರು ಗಾಬರಿಯಿಂದ ಎದ್ದರು. ಅಜ್ಜ ಕೋಲಿನಿಂದಲೇ ಕೂರಿಸಿದರು. ‘ಹುಡುಗನ ಕಡ್ಯಾವ್ರು.’

ಪರಮೇಶ ಚೀಲವನ್ನು ನಡುವೆ ಇಟ್ಟ. ‘ಅಣ್ಣಾ, ಬಾಂವಿ ಇದ್ದ ಹೊಲಾ ನೀನ ತಗೋ. ನಾ ಬ್ಯಾಡ ಅನ್ನೂದಿಲ್ಲ. ವೈನೀನ್ನ ಮಾತ್ರ ಕಳಸಬ್ಯಾಡ. ನಮ್ಮವ್ವ ಹೋದ ಮ್ಯಾಲ ನನಗ ಕರದು ಊಟಕ್ಕ ಬಡಿಸಿದಾಕಿ ಆಕಿ ಒಬ್ಬಾಕೀನ.’

ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಒದ್ದೆಯಾದವು. ಗುರುಬಸಪ್ಪನವರ ಕಣ್ಣೂ ಒದ್ದೆಯಾಯಿತು, ಯಾಕೆಂದು ಅವರಿಗೆ ತಿಳಿಯಲಿಲ್ಲ. ‘ಈಗ ನೀ ಹೇಳು’ ಎಂದು ಅಜ್ಜ ಅವರ ಕಡೆ ತಿರುಗಿದರು. ‘ಏನು ಬೇಕು ನಿನಗ?’

‘ಎಡಗಣ್ಣೋ ಬಲಗಣ್ಣೋ ಅನ್ನೂದು ಗೊತ್ತಾಗಬೇಕ್ರಿ’ ಅಂದರು ಗುರುಬಸಪ್ಪನವರು.

ಸಿದ್ದಲಿಂಗಪ್ಪನವರು ಕಿವಿ ತಿಕ್ಕಿಕೊಂಡರು.

‘ಡಾಕ್ಟರು ಯಾವುದಾದ್ರೂ ಒಂದು ಮೊದಲ ಅಂದಾರ್ರಿ. ಇಪ್ಪತ್ತೊಂದು ಎಡಾ ಬಂದಾವು, ಇಪ್ಪತ್ತೊಂದು ಬಲಾ ಬಂದಾವು. ಇತ್ಯರ್ಥ ಆಗವಲ್ದು. ನೀವು ಕೂತು ಒಂದು ಹೇಳಿಬಿಟ್ರ ಮುಂದಿನ ವಾರ ಕರಕೊಂಡು ಹೋಗತೇನ್ರಿ’ ಎಂದು ಫೈಲನ್ನು ಅಜ್ಜನ ಮುಂದೆ ಮಂಡಿಸಿದರು.

ಫಕೀರಪ್ಪಜ್ಜ ಫೈಲನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಇದಕ್ಕ ಹಿರೇರನ್ನ ಕೂಡಸಿದೇನೋ ನೀ?’ ಎಂದು ಕೇಳಿದರು. ಹೌದೆಂಬ ಉತ್ತರ ಬಂತು. ಪರಮೇಶ ಕಾಗದದ ಚೀಲವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಇಲ್ಲಿಗೆ ಎಲ್ಲರೂ ನಕ್ಕು, ಗುರುಬಸಪ್ಪನವರಿಗೆ ನಾಲ್ಕು ಬೈದು, ಚಹಾ ಕುಡಿದು ಎದ್ದು ಹೋಗಬಹುದಿತ್ತು. ಆದರೆ ಕೂತ ಹಿರಿಯರು ತೀರ್ಪು ಕೊಡದೆ ಏಳುವ ಪದ್ಧತಿಯಿಲ್ಲ. ನೂರಾ ಹದಿನಾಲ್ಕು ವ್ಯಾಜ್ಯ ಮುಗಿಸಿದ ಮನುಷ್ಯ ಒಂದು ಕಣ್ಣಿಗೆ ಸೋತು ಏಳಬೇಕೇ? ಅಜ್ಜ ಪಟಗ ಸರಿಮಾಡಿಕೊಂಡು, ‘ಹೆಣ್ಣಮಕ್ಕಳಿಗೆ ಎಡಾನ ಶುಭ. ಎಡಾ ಮೊದಲ’ ಅಂದರು.

‘ಅದೆಂಗ್ರಿ?’ ಸಿದ್ದಲಿಂಗಪ್ಪನವರು ಜಗಳಕ್ಕೆಂದೇ ಬಂದಿದ್ದರು, ಜಗಳ ಇನ್ನೂ ಖರ್ಚಾಗಿರಲಿಲ್ಲ. ‘ಶುಭದ್ದನ್ನ ಮೊದಲ ಕೊಯ್ಯಸ್ತೀರೇನು? ನಮ್ಮ ಮನಿ ಹೆಣ್ಣುಮಗಳು. ಬಲಾ ಆಗಬೇಕು.’

ದೇಸಾಯಿ ಮಾಸ್ತರರು ಕಣ್ಣು ತೆರೆದರು. ‘ಸೂರ್ಯ-ಚಂದ್ರರ ವಿಷಯ ಅದ ಇದು. ನಾ ಯುಗಾದಿಯೊಳಗ ಹೇಳಿದ್ದೆ.’ ಪರಮೇಶ ಎಡ ಅಂದ. ಮಾತಿಗೆ ಮಾತು ಬೆಳೆಯಿತು. ಬಲದವರು ಒಂದು ಜಮಖಾನೆಗೆ ಹೋದರು, ಎಡದವರು ಇನ್ನೊಂದಕ್ಕೆ ಬಂದರು. ಕುಸುರೆಳ್ಳಿನ ತಾಟು ಮಗುಚಿ ಬಿತ್ತು. ಹೆಣ್ಣಿನ ಕಡೆಯವರ ಮಾತು ನಡೆಯದಿದ್ದರೆ ಈಗಲೇ ಟೆಂಪೊದಲ್ಲಿ ತಂಗಿಯನ್ನು ಕರೆದುಕೊಂಡು ಹೋಗುವುದಾಗಿ ಸಿದ್ದಲಿಂಗಪ್ಪನವರು ಕೂಗಿದರು. ಗುರುಬಸಪ್ಪನವರು ಮಾತ್ರ ಶಾಂತವಾಗಿ ನಲವತ್ತನಾಲ್ಕು, ನಲವತ್ತೈದು ಎಂದು ಬರೆದುಕೊಳ್ಳುತ್ತಿದ್ದರು.

‘ಅಜ್ಜಾರ, ನಾನೂ ಒಂದು ಮಾತು ಹೇಳಬಹುದೇನ್ರಿ?’

ಟ್ರಂಕಿನ ಮೇಲಿಂದ ಬಂದ ದನಿ. ಅಲ್ಲಿ ರತ್ನವ್ವ ಕೂತಿದ್ದಾಳೆಂಬುದನ್ನು ಎಲ್ಲರೂ ಮರೆತಿದ್ದರು. ಅಜ್ಜ ಕೋಲು ಕೆಳಗಿಟ್ಟರು. ‘ಹೇಳವ್ವಾ.’

‘ಡಾಕ್ಟರಬಾಯಾರು ನೋಡಿದ ದಿವಸ ಎರಡೂ ಕಣ್ಣು ಒಂದ ನಮೂನಿ ಇದ್ದವ್ರಿ. ಈಗ ಇಲ್ಲ. ದೀಪಾವಳಿಗೆ ಎಡಗಣ್ಣಿಗೆ ದೀಪ ಕಾಣಲಿಲ್ಲ. ಬಲಗಣ್ಣಾಗ ಬಾಗಲಾ ಬೆಳ್ಳಗ ಕಾಣತೈತಿ, ಅಲ್ಲಿ ನಿಂತಾವ್ರು ಯಾರಂತ ತಿಳಿಯೂದಿಲ್ಲ. ನನ್ನ ಕಳಸಾಕ ಹಿರೇರನ್ನ ಕೂಡಸ್ಯಾರಂತ ನಿನ್ನೆ ಇಮಾಮಬಿ ಹೇಳಿದಳು. ಅತ್ತೇನಿ, ಟ್ರಂಕ್ ತುಂಬೇನಿ. ಈಗ ಗೊತ್ತಾತು, ಕಳಸೂದಲ್ಲ ಅಂತ. ನನಗ ಸಮಾಧಾನ ಆಗಬೇಕಿತ್ತು. ಆಗವಲ್ದು.’ ಅವಳ ದನಿ ಏರಲಿಲ್ಲ. ‘ಟೇಲರ್‌ನ ಕೇಳ್ಯಾರ, ಹಾಲಿನಾಂವನ ಕೇಳ್ಯಾರ, ಬಸ್ಸಿನ್ಯಾಗ ಕೂತಾವ್ರನ್ನ ಕೇಳ್ಯಾರ. ಕಣ್ಣು ನಂದು. ಒಂದು ದಿವಸ ನನ್ನ ಕೇಳಿಲ್ಲ. ಅಣ್ಣಾ, ಹೆಂಗೂ ತುಂಬೇನಿ. ನಾ ನಿನ್ನ ಜೋಡಿ ಬರತೇನಿ.’

ಆಗ ಫಕೀರಪ್ಪಜ್ಜನ ಬೆನ್ನು ತಾನಾಗಿ ನೆಟ್ಟಗಾಯಿತು. ಈಗ ಬಂದದ್ದು ಅವರಿಗೆ ಗೊತ್ತಿದ್ದ ವ್ಯಾಜ್ಯ. ‘ಗುರುಬಸಪ್ಪಾ, ಹೆಣ್ಣಿನ ಮಾತು ಆತು. ನಿಂದೇನು?’

ಗುರುಬಸಪ್ಪನವರು ಉತ್ತರಕ್ಕೆ ಸುತ್ತ ಹುಡುಕಿದರು. ಅವರು ದೇಸಾಯಿ ಮಾಸ್ತರರ ಮುಖ ನೋಡಿದರು, ಮಾಸ್ತರರು ಫ್ಯಾನು ನೋಡಿದರು. ಪರಮೇಶನ ಕಡೆ ನೋಡಿದರು, ಅವನು ಚೆಲ್ಲಿದ ಕುಸುರೆಳ್ಳನ್ನು ಒಂದೊಂದಾಗಿ ಆರಿಸುತ್ತಿದ್ದ. ಕಡೆಗೆ ಫೈಲು ನೋಡಿದರು. ಹಾಳೆಯ ಮೇಲೆ ಬೆರಳಾಡಿಸುತ್ತ ಕೆಳಗಿಳಿದರು. ‘ಭಾಗ್ಯಶ್ರೀ, ಮಗಳು, ಸ್ಪಷ್ಟ ಅಭಿಪ್ರಾಯ ನೀಡಿಲ್ಲ’ ಎಂಬಲ್ಲಿ ಬೆರಳು ನಿಂತಿತು. ಅವಳು ಅಂದು ಫೋನಿನಲ್ಲಿ ಹೇಳಿದ್ದು ಅವರಿಗೆ ನೆನಪಾಯಿತು. ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಅವರಿಗೆ ಮನೆ ಬರಿದಾದರೆ ಹೇಗಿರುತ್ತದೆಂದು ಕಣ್ಣಿಗೆ ಕಟ್ಟಿತು, ಬಹಳ ಹೆದರಿಕೆಯಾಯಿತು.

ಅವರು ಎದ್ದು ಹೋಗಿ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

‘ರತ್ನಾ, ನನಗ ಏನೂ ತಿಳಿವಲ್ದು. ನಾ ಈಗ ಏನ ಮಾಡ್ಲಿ? ನೀನ ಹೇಳು.’

ಪರಮೇಶ ಕಿಸಕ್ಕನೆ ನಕ್ಕ. ಅಜ್ಜ ಕೋಲೆತ್ತಿ ಅವನನ್ನು ಸುಮ್ಮನಾಗಿಸಿದರು. ರತ್ನವ್ವ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ ಎದ್ದು ನಿಂತಳು.

‘ಟ್ರಂಕ್ ಎತ್ರಿ.’

ಯಾವ ಕೈಯಿಂದ ಎಂದು ಕೇಳಲು ಅವರ ಬಾಯಿ ತೆರೆದದ್ದನ್ನು ಎಲ್ಲರೂ ಕಂಡರು. ಅವರು ಬಾಯಿ ಮುಚ್ಚಿ, ಎರಡೂ ಕೈಯಿಂದ ಎತ್ತಿದರು.

‘ಮೊದಲ ದವಾಖಾನಿಗೆ’ ಅಂದಳು ರತ್ನವ್ವ. ‘ಅಲ್ಲಿಂದ ಮುಂದ ಎಲ್ಲಿಗೆ ಅನ್ನೂದನ್ನ ಕಣ್ಣು ತೆರದು ನೋಡಿ ಹೇಳತೇನಿ.’

‘ಇದ ತೀರ್ಪು’ ಎಂದು ಫಕೀರಪ್ಪಜ್ಜ ಎಲೆ-ಅಡಿಕೆ ಕೈಗೆತ್ತಿಕೊಂಡರು. ತಾವು ಹೇಳದ ತೀರ್ಪನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡದ್ದು ಅವರ ಜೀವಮಾನದಲ್ಲಿ ಅದೊಂದೇ.

ಟೆಂಪೊ ಬೆಲ್ಲದ ವಾಸನೆ ಬೀರುತ್ತ ದವಾಖಾನೆ ಮುಟ್ಟಿತು. ಡಾಕ್ಟರ್ ಮೃಣಾಲಿನಿ ಹಳೆಯ ಚೀಟಿಯ ತಾರೀಖು ನೋಡಿ ಕನ್ನಡಕ ತೆಗೆದರು. ‘ಹತ್ತು ತಿಂಗಳ ಮಾತಾಡಿದ್ರೇನ್ರಿ?’ ಎಂದು ಕೇಳಿ, ಕಣ್ಣು ನೋಡಿ, ಗಂಭೀರರಾದರು. ‘ಎಡಗಣ್ಣಿನ ಪೊರಿ ಭಾಳ ಗಟ್ಟಿ ಆಗೇದ. ಮಾಡೋಣ, ಆದ್ರ ಎಷ್ಟು ಕಾಣ್ತದ ಅನ್ನೂದನ್ನ ಈಗ ಹೇಳ್ಲಿಕ್ಕಾಗೂದಿಲ್ಲ. ಯಾವುದು ಮೊದಲ?’

‘ಆಕೀನ್ನ ಕೇಳ್ರಿ’ ಅಂದರು ಗುರುಬಸಪ್ಪನವರು.

‘ಎಡಾ’ ಅಂದಳು ರತ್ನವ್ವ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಗುರುಬಸಪ್ಪನವರು ಫೈಲು ತೆರೆದು ಕಡೆಯ ಸಾಲಿನಲ್ಲಿ ಅವಳ ಹೆಸರು ಬರೆದರು. ‘ಸಂಬಂಧ’ ಎಂಬ ಕಾಲಮ್ಮಿನಲ್ಲಿ ಪತ್ನಿ ಎಂದು ಬರೆಯಹೋಗಿ, ಯೋಚಿಸಿ, ‘ಕಣ್ಣಿನವರು’ ಎಂದು ಬರೆದರು.

ಅಂದೇ ರಕ್ತ ಪರೀಕ್ಷೆ, ಮರುದಿನ ಮಂಗಳವಾರ ಶಸ್ತ್ರಕ್ರಿಯೆ. ಮಂಗಳವಾರ ಇಂಥ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೇಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ. ಶಸ್ತ್ರಕ್ರಿಯೆಯ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊರಗೆ ಬೆಂಚಿನಲ್ಲಿ ಟ್ರಂಕು ತೊಡೆಯಲ್ಲಿಟ್ಟುಕೊಂಡು ಕೂತರು. ಸಿದ್ದಲಿಂಗಪ್ಪನವರು, ಅದನ್ನು ಗಾಡಿಯಲ್ಲಿಡ್ರಿ ಅಂದರು, ನರ್ಸು ಕಾಟಿನ ಕೆಳಗಿಡ್ರಿ ಅಂದಳು, ವಾಚಮನ್ ಹೊರಗಿಡ್ರಿ ಅಂದ. ಇಂಥ ಒಳ್ಳೊಳ್ಳೆಯ ಮೂರು ಅಭಿಪ್ರಾಯಗಳು ಕೇಳದೆಯೇ ಬಂದರೂ ಅವರು ಒಂದನ್ನೂ ಬರೆದುಕೊಳ್ಳಲಿಲ್ಲ.

ಬುಧವಾರ ಮುಂಜಾನೆ ಡಾಕ್ಟರು ಪಟ್ಟಿ ಬಿಚ್ಚಿದರು. ರತ್ನವ್ವ ಮೆಲ್ಲಗೆ ಕಣ್ಣು ತೆರೆದಳು. ನೀರು ಸುರಿಯಿತು, ಮುಚ್ಚಿದಳು, ಮತ್ತೆ ತೆರೆದಳು. ಕಿಟಕಿ ನೋಡಿದಳು. ಅಣ್ಣನ ಮುಖ ನೋಡಿದಳು. ತನ್ನ ಸುಟ್ಟ ಅಂಗೈಯನ್ನು ಹತ್ತಿರ ಹಿಡಿದು ಗೆರೆಗೆರೆಯಾಗಿ ನೋಡಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತಿದ್ದವರನ್ನು ನೋಡಿದಳು, ನೋಡುತ್ತಲೇ ಇದ್ದಳು.

‘ಯವ್ವಾ, ಅಷ್ಟೂ ಕೂದಲಾ ಬೆಳ್ಳಗಾಗ್ಯಾವಲ್ಲ’ ಅಂದಳು. ‘ಮತ್ತ ಆ ಟ್ರಂಕ್ ಯಾಕ ಹೊತ್ಕೊಂಡು ನಿಂತೀರಿ?’

‘ಎಲ್ಲಿ ಇಡಬೇಕಂತ ನೀ ಇನ್ನೂ ಹೇಳಿಲ್ಲಲಾ’ ಅಂದರು ಗುರುಬಸಪ್ಪನವರು.

ಸಿದ್ದಲಿಂಗಪ್ಪನವರು ಮುಂದೆ ಬಂದು ಟ್ರಂಕಿಗೆ ಕೈ ಚಾಚಿದರು. ಗುರುಬಸಪ್ಪನವರು ಬಿಡಲಿಲ್ಲ. ಇಬ್ಬರ ಕೈಯೂ ಟ್ರಂಕಿನ ಮೇಲಿತ್ತು, ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

‘ಅಟ್ಟದ ಮ್ಯಾಲ ಇಡ್ರಿ’ ಅಂದಳು ರತ್ನವ್ವ. ‘ಮೊದಲ ಎಲ್ಲಿತ್ತೋ ಅಲ್ಲೇ.’

ಗುರುಬಸಪ್ಪನವರು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಕೆಳಗಿಳಿದರು. ಅಲ್ಲಿ ಲಿಫ್ಟೂ ಇತ್ತು, ಮೆಟ್ಟಿಲೂ ಇದ್ದವು. ಅವರು ಯಾರನ್ನೂ ಕೇಳಲಿಲ್ಲ.